ಮೂರು ಡಿಸ್ಕು, ಒಂದೇ ಶ್ರೀ

ನಮ್ಮ ಮನೆಯ ಕೀಲಿಕೈ ಗೂಟದಲ್ಲಿ ಮೂರು ಪೆನ್‌ಡ್ರೈವುಗಳು ನೇತಾಡುತ್ತಿವೆ. ಒಂದಕ್ಕೆ ಕೆಂಪು ದಾರ, ಒಂದಕ್ಕೆ ಹಸಿರು ದಾರ, ಮತ್ತೊಂದಕ್ಕೆ ಅಮ್ಮನ ಹಳೇ ರವಿಕೆಯ ಅಂಚು. ಇದು ನಾನು ಕಂಡುಹಿಡಿದ ಡಿಸ್ಕ್ ನಿರ್ವಹಣಾ ವ್ಯವಸ್ಥೆ. ಎಲ್ಲೆಲ್ಲಿನ ಬುದ್ಧಿವಂತರೋ ಸೇರಿ, ಸಂಬಳವಿಲ್ಲದೆ, ರಜೆಯನ್ನೂ ಕಳೆದುಕೊಂಡು ಕಟ್ಟಿದ ಆಪರೇಟಿಂಗ್ ಸಿಸ್ಟಮ್ಮಿನಿಂದ ಆಗದ ಕೆಲಸವನ್ನು ಒಂದು ರವಿಕೆಯ ಅಂಚು ಮಾಡುತ್ತಿದೆ ಎಂದರೆ ನನಗೆ ಹೆಮ್ಮೆಯಾಗಬೇಕು. ಆಗುವುದಿಲ್ಲ, ಮೈ ಉರಿಯುತ್ತದೆ. ಇವತ್ತು ಬೆಳಿಗ್ಗೆ ಬೀರುವಿನ ಕೀಲಿ ತೆಗೆಯಲು ಹೋಗಿ ಆ ಅಂಚು ಬೆರಳಿಗೆ ಸುತ್ತಿಕೊಂಡಿತು, ಹಳೆಯ ಸಿಟ್ಟೂ ಜೊತೆಗೇ ಬಂತು. ನಿಮಗೆ ಬಿಡುವಿದ್ದರೆ ಕೂತು ಕೇಳಿ. ಬಿಡುವಿಲ್ಲದಿದ್ದರೂ ಕೇಳಿ, ಯಾರಿಗಾದರೂ ಹೇಳಲೇಬೇಕು.

ಮೂರೂ ಒಂದೇ ಅಂಗಡಿಯವು, ಒಂದೇ ಬಣ್ಣ, ಒಂದೇ ಅಳತೆ. ಮೂರರ ಮೇಲೂ ಒಂದೊಂದು ಬೊಟ್ಟು ಕುಂಕುಮ. ಕಂಪ್ಯೂಟರಿಗೆ ಚುಚ್ಚಿದರೆ ಮೂರರ ಹೆಸರೂ ಒಂದೇ: ಶ್ರೀ. ಇದು ನನ್ನ ಅಪ್ಪನ ಕೈಗುಣ.

ಮಡಕಶಿರದ ನಮ್ಮ ಮನೆಯಲ್ಲಿ ಶ್ರೀ ಬರೆಯದೆ ಯಾವ ವಸ್ತುವಿನ ಬಾಳೂ ಶುರುವಾಗುತ್ತಿರಲಿಲ್ಲ. ರಾಗಿಯ ಡಬ್ಬಕ್ಕೆ ಶ್ರೀ, ಹೊಸ ಮೊರಕ್ಕೆ ಶ್ರೀ, ಕೊಡೆಯ ಹಿಡಿಗೆ ಶ್ರೀ. ಒಂದು ಸಲ ನನ್ನ ಹೊಸ ರಬ್ಬರ್ ಚಪ್ಪಲಿಗೂ ಬರೆಯಲು ಹೊರಟಿದ್ದರು. ಕಾಲಲ್ಲಿ ತುಳಿಯುವುದು ತಪ್ಪಲ್ಲವೇ ಎಂದು ಅಮ್ಮ ಕೇಳಿದ ಮೇಲೆ ಚಪ್ಪಲಿ ಬಂದ ಪೆಟ್ಟಿಗೆಗೆ ಬರೆದು ಸಮಾಧಾನ ಮಾಡಿಕೊಂಡರು. ನನ್ನ ಸ್ಲೇಟಿನ ತಲೆಯ ಮೇಲಂತೂ ಶ್ರೀ ಕಾಯಂ. ಸ್ಲೇಟು ಒರೆಸುವಾಗ ಶ್ರೀ ಒರೆಸಬಾರದು ಎಂಬುದು ಅಪ್ಪ ಹಾಕಿಕೊಟ್ಟ ಕಟ್ಟಳೆ. ಉಗುಳು ಹಚ್ಚಿ, ಬೆರಳನ್ನು ಅದರ ಸುತ್ತ ಹುಷಾರಾಗಿ ತಿರುಗಿಸಿ, ಉಳಿದದ್ದನ್ನೆಲ್ಲ ಒರೆಸಬೇಕು. ವಾರ ಕಳೆಯುವಷ್ಟರಲ್ಲಿ ಶ್ರೀಯ ಸುತ್ತ ಬಿಳಿಯ ಕೊಳೆ ಕಟ್ಟಿ ಅರ್ಧ ಸ್ಲೇಟು ಅದಕ್ಕೇ ಹೋಗುತ್ತಿತ್ತು. ದೇವರಿಗೆ ಇಷ್ಟು ಜಾಗ ಕೊಟ್ಟರೆ ಗುಣಾಕಾರಕ್ಕೆ ಜಾಗವೆಲ್ಲಿ ಎಂದು ಮೇಷ್ಟ್ರು ರೇಗುತ್ತಿದ್ದರು. ನನ್ನ ಗಣಿತ ಕೆಟ್ಟಿದ್ದಕ್ಕೆ ಇದೇ ಕಾರಣ ಎಂದು ನಾನು ಈಗಲೂ ಹೇಳುತ್ತೇನೆ, ಯಾರೂ ನಂಬುವುದಿಲ್ಲ.

ಅಪ್ಪ ಮಡಕಶಿರದ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಜನರನ್ನು ಕೂಗುವ ಏಜೆಂಟರಾಗಿದ್ದರು. ಏಜೆಂಟ್ ಎಂದಕೂಡಲೇ ಕೋಟು ಟೈ ಕಲ್ಪಿಸಿಕೊಳ್ಳಬೇಡಿ. ಹೆಗಲ ಮೇಲೊಂದು ಟವೆಲ್ಲು, ಕಿವಿಯ ಸಂದಿಯಲ್ಲೊಂದು ಬೀಡಿ, ಅಷ್ಟೇ. ಮಿಕ್ಕದ್ದೆಲ್ಲ ಗಂಟಲು. "ಹಿಂದೂಪುರ, ಹಿಂದೂಪುರ, ಹಿಂದೂಪುರ! ಪಾವಗಡ, ಪಾವಗಡ, ಪಾವಗಡ!" ಎಂದು ಅವರು ಕೂಗುತ್ತಿದ್ದರೆ ಮೊದಲ ಪಾವಗಡ ಕೋಟೆಯ ಬೆಟ್ಟಕ್ಕೆ ತಗುಲಿ ವಾಪಸ್ಸು ಬರುವಷ್ಟರಲ್ಲಿ ಮೂರನೆಯದು ಹೊರಟಿರುತ್ತಿತ್ತು. ತೆಲುಗಿನವರಿಗೆ "ಎಕ್ಕಂಡಿ, ಎಕ್ಕಂಡಿ", ನಮ್ಮವರಿಗೆ "ಅತ್ಕಳಿ, ಅತ್ಕಳಿ", ಎರಡಕ್ಕೂ ಹತ್ತಿಕೊಳ್ಳಿ ಎಂದೇ ಅರ್ಥ, ಎರಡೂ ಒಂದೇ ಉಸಿರಿನಲ್ಲಿ. ಬಸ್ಸು ತುಂಬಿದ ಮೇಲೆ ಅದರ ತಗಡಿನ ಪಕ್ಕೆಗೆ ಅಂಗೈಯಿಂದ ಎರಡು ಪೆಟ್ಟು. ಆ ಎರಡು ಪೆಟ್ಟು ಬಿದ್ದರೆ ಡ್ರೈವರು ಗೇರು ಹಾಕುತ್ತಿದ್ದ. ಬಿದ್ದ ಮೇಲೆ ಯಾರು ಓಡಿ ಬಂದರೂ ಅವರಿಗೆ ಮುಂದಿನ ಬಸ್ಸೇ.

ಈ ಚಾಳಿ ಮನೆಗೂ ಬಂದಿತ್ತು. ಊಟ ಮುಗಿದರೆ ನೆಲಕ್ಕೆ ಎರಡು ಪೆಟ್ಟು, ಏಳಿ ಎಂದರ್ಥ. ನಾನು ಶಾಲೆಗೆ ತಡಮಾಡಿದರೆ ಬಾಗಿಲಿಗೆ ಎರಡು ಪೆಟ್ಟು. ಮದುವೆಯಾಗಿ ನಾನು ರಾಯದುರ್ಗಕ್ಕೆ ಹೊರಟ ದಿನ ಬೇರೆ ಅಪ್ಪಂದಿರಾಗಿದ್ದರೆ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನಪ್ಪ ಟೆಂಪೋದ ಪಕ್ಕೆಗೆ ಎರಡು ಪೆಟ್ಟು ಕೊಟ್ಟರು, ಡ್ರೈವರು ಹೊರಟೇಬಿಟ್ಟ. ಅಮ್ಮನನ್ನು ತಬ್ಬಿಕೊಂಡು ಅಳುವುದು ನನಗಿನ್ನೂ ಬಾಕಿಯಿತ್ತು. ಪಾವಗಡ ದಾಟುವವರೆಗೂ ನಾನು ಅತ್ತಿದ್ದು ದುಃಖಕ್ಕಲ್ಲ, ಸಿಟ್ಟಿಗೆ.

ಅಂಥ ಗಂಟಲಿಗೇ ರೋಗ ಬಂತು. ಬೆಂಗಳೂರಿನ ಡಾಕ್ಟರು, ಗಂಟಲಿನ ಪೆಟ್ಟಿಗೆ ತೆಗೆಯದಿದ್ದರೆ ಆಳು ಉಳಿಯುವುದಿಲ್ಲ ಎಂದರು. ತೆಗೆಸಿದೆವು, ಆಳು ಉಳಿದರು. ಆಪರೇಷನ್ನಿನ ಹಿಂದಿನ ದಿನ ಅಮ್ಮ ನನ್ನನ್ನು ವಾರ್ಡಿನ ಮೂಲೆಗೆ ಕರೆದು, "ನಿನ್ ಫೋನಾಗೆ ಅವ್ರ ದನಿ ಇಟ್ಕಳಮ್ಮಿ. ನಾಳಿಕ್ಕೆ ಇರಾಕಿಲ್ವಂತೆ" ಎಂದಳು. ಹಾಸಿಗೆಯ ಪಕ್ಕ ಕೂತು ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಅಪ್ಪ ಅಮ್ಮ ಇಬ್ಬರನ್ನೂ ರಾಯದುರ್ಗಕ್ಕೆ, ನಮ್ಮ ಮನೆಗೇ ಕರೆತಂದೆವು. ಅಪ್ಪನಿಗೆ ಮಾತಾಡಲು ನಾನೊಂದು ಸ್ಲೇಟು ತಂದುಕೊಟ್ಟೆ. ಮೊದಲು ಏನು ಬರೆದರೆಂದು ಕೇಳುವುದೇ ಬೇಡ. ತಲೆಯ ಮೇಲೆ ಶ್ರೀ. ಅದರ ಕೆಳಗೆ, "ಕಾಫಿಗೆ ಸಕ್ಕರೆ ಸಾಲದು". ಆದರೆ ಊರಿನಿಂದ ಬಂದ ಮೇಲೆ ಆ ಎರಡು ಪೆಟ್ಟು ಮಾತ್ರ ನಿಂತುಹೋಯಿತು. ಊಟ ಮುಗಿದರೆ ಸುಮ್ಮನೆ ಎದ್ದು ಹೋಗುತ್ತಿದ್ದರು. ಬೀದಿಯಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ಒಳಗಿನ ಕೋಣೆಗೆ ಹೋಗಿ ಕೂರುತ್ತಿದ್ದರು.

ಈಗ ಕಂಪ್ಯೂಟರಿನ ಸಂಗತಿ. ನಾನು ಇಲ್ಲಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಕನ್ನಡದ ಟೀಚರು. ಊರು ತೆಲುಗು ರಾಜ್ಯಕ್ಕೆ ಸೇರಿದ್ದು, ಕಚೇರಿಯ ಸುತ್ತೋಲೆಗಳು ತೆಲುಗಿನಲ್ಲಿ ಬರುತ್ತವೆ, ನಾನು ವ್ಯಾಕರಣ ಪಾಠವನ್ನು ಕನ್ನಡದಲ್ಲಿ ಮಾಡುತ್ತೇನೆ, ಮಕ್ಕಳು ಎರಡರಲ್ಲೂ ಆಕಳಿಸುತ್ತಾರೆ. ನನ್ನ ಲ್ಯಾಪ್‌ಟಾಪ್ ಮುದಿಯಾಗಿ, ಆನ್ ಮಾಡಿ ಸಾರಿಗೆ ಒಗ್ಗರಣೆ ಹಾಕಿ ಬಂದರೂ ಕಣ್ಣು ತೆರೆಯದಂತಾಗಿತ್ತು. ಆಗ ಗೆಳತಿಯೊಬ್ಬಳು ಅದಕ್ಕೆ ಪುಕ್ಕಟೆಯಾಗಿ ಸಿಗುವ ಮುಕ್ತ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟಳು. ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಮುದುಕಿ ಎದ್ದು ಓಡಾಡತೊಡಗಿತು. ಅದಕ್ಕೆ ನಾನು ಋಣಿ, ಇಲ್ಲವೆನ್ನುವುದಿಲ್ಲ.

ಆದರೆ ಅದರಲ್ಲಿ ಡಿಸ್ಕುಗಳನ್ನು ನೋಡಿಕೊಳ್ಳುವ ಸಾಧನವೊಂದಿದೆ. ಅದರ ನಡತೆ ನೋಡಿ. ಪೆನ್‌ಡ್ರೈವ್ ತೆಗೆಯಲು ಹೋದರೆ "ಸಾಧನವು ಕಾರ್ಯನಿರತವಾಗಿದೆ" ಎನ್ನುತ್ತದೆ. ಏನು ಕಾರ್ಯ, ಯಾರ ಜೊತೆ, ಎಷ್ಟು ಹೊತ್ತು, ಹೇಳುವುದಿಲ್ಲ. ಸಾಹೇಬರು ಬಿಜಿ ಎಂದು ಬಾಗಿಲಲ್ಲೇ ತಡೆಯುವ ಜವಾನನಾದರೂ ಮಧ್ಯಾಹ್ನ ಬಾ ಎನ್ನುತ್ತಾನೆ. ಕನ್ನಡದಲ್ಲಿ ಬೇಕೆಂದು ಆರಿಸಿಕೊಂಡರೆ "ಪರಿಮಾಣವನ್ನು ಅವರೋಹಿಸಲಾಗಲಿಲ್ಲ" ಎನ್ನುತ್ತದೆ. ಮಕ್ಕಳಿಗೆ ಹಳಗನ್ನಡ ಓದಿಸಿದವಳು ನಾನು. ಆ ವಾಕ್ಯದ ಮುಂದೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೂತೆ. ಅರ್ಥ ಇಷ್ಟೇ: ಇದನ್ನು ಈಗ ಕೀಳಬೇಡ.

ಅಪ್ಪನ ದನಿಯ ರೆಕಾರ್ಡು ಫೋನಿನಲ್ಲಿತ್ತಲ್ಲ, ಫೋನು ತುಂಬಿ ಒದ್ದಾಡುತ್ತಿತ್ತು. ಪೆನ್‌ಡ್ರೈವ್ ತರಲು ಬಜಾರಿಗೆ ಹೋದೆ. ಅಂಗಡಿಯವನು, "ಮೂಡೂ ತೀಸ್ಕೋಂಡಿ ಮೇಡಂ, ಮಳ್ಳಿ ಈ ರೇಟು ರಾದು" ಎಂದ. ಮತ್ತೆ ಈ ರೇಟು ಬರುವುದಿಲ್ಲ ಎಂದರೆ ನಮ್ಮ ಮನೆತನದ ಯಾರೂ ತಡೆದುಕೊಳ್ಳುವುದಿಲ್ಲ, ಮೂರೂ ತಂದೆ. ಒಂದರಲ್ಲಿ ಫೋನಿನಲ್ಲಿದ್ದುದೆಲ್ಲ, ಅಪ್ಪನ ದನಿಯೂ ಸೇರಿ. ಒಂದರಲ್ಲಿ ಅಮ್ಮನ ಭಜನೆಗಳು. ಇನ್ನೊಂದು ಖಾಲಿ, ಆಪರೇಟಿಂಗ್ ಸಿಸ್ಟಮ್ಮಿನ ಹೊಸ ಆವೃತ್ತಿ ಹಾಕಿಕೊಳ್ಳಲು. ದನಿ ಡ್ರೈವಿಗೆ ದಾಟಿದ ಮೇಲೆ ಫೋನಿನಿಂದ ಅಳಿಸಿದೆ. ಹೊಸ ವಸ್ತು ಮನೆಗೆ ಬಂದದ್ದು ಅಪ್ಪನಿಗೆ ತಿಳಿಯಿತು. ಕುಂಕುಮ ಹಚ್ಚಿದರು. ಇದಕ್ಕೆ ಹೆಸರು ಎಲ್ಲಿ ಬರೆಯುವುದು ಎಂದು ಸ್ಲೇಟಿನಲ್ಲಿ ಕೇಳಿದರು. ನಾನು ಸಾಧನ ತೆರೆದು ಹೆಸರಿನ ಜಾಗ ತೋರಿಸಿದೆ. ಒಂದೊಂದೇ ಬೆರಳಿನಲ್ಲಿ ಅಕ್ಷರ ಹುಡುಕಿ, ಮೂರಕ್ಕೂ ಶ್ರೀ ಎಂದು ಕುಟ್ಟಿ, ಬಹಳ ದಿನದ ಮೇಲೆ ಮುಖ ಅರಳಿಸಿದರು. ಆ ಮುಖ ನೋಡಿದ ಮೇಲೆ ಬೇರೆ ಹೆಸರಿಡಿ ಎನ್ನಲು ನೀವಾದರೂ ಬಾಯಿ ತೆರೆಯುತ್ತಿದ್ದಿರಾ?

ಅಂದಿನಿಂದ ಅಮ್ಮನಿಗೆ ಸಂಜೆಯ ಕೆಲಸ ಗೊತ್ತಾಯಿತು. ದೀಪ ಹಚ್ಚಿ, ಮೊರದಲ್ಲಿ ಕಡಲೆಕಾಯಿ ಬೀಜ ಹಾಕಿಕೊಂಡು ಆರಿಸುತ್ತಾ, "ಅದನ್ನ ಹಾಕಮ್ಮಿ" ಎನ್ನುವಳು. ನಾನು ಹಾಕುವೆ. ರೆಕಾರ್ಡು ಶುರುವಾಗುತ್ತಲೇ ಅಪ್ಪ ಟವೆಲ್ಲು ಕೊಡವಿ ಹೊರಗೆ ಹೋಗಿಬಿಡುವರು. ಒಂದು ದಿನವೂ ಕೂತು ಕೇಳಿದವರಲ್ಲ. ಅಮ್ಮ ಅವರನ್ನು ತಡೆಯುತ್ತಲೂ ಇರಲಿಲ್ಲ.

ಹೊಸ ಆವೃತ್ತಿ ಬಂದ ಭಾನುವಾರ ಖಾಲಿ ಡ್ರೈವನ್ನು ಅಳಿಸಿ ತಯಾರು ಮಾಡಬೇಕಿತ್ತು. ಸಾಧನ ತೆರೆದರೆ ಸಾಲಾಗಿ ಶ್ರೀ, ಶ್ರೀ, ಶ್ರೀ. ಅಡಿಯಲ್ಲಿ ಸಾಧನ ತಾನೇ ಇಟ್ಟುಕೊಂಡ ಗುಟ್ಟಿನ ಹೆಸರುಗಳು: ಎಸ್‌ಡಿಬಿ, ಎಸ್‌ಡಿಸಿ, ಎಸ್‌ಡಿಡಿ. ಖಾಲಿಯದು ಎಸ್‌ಡಿಸಿ ಎಂದು ಹಿಂದಿನ ದಿನವೇ ನೋಡಿ ನೆನಪಿಟ್ಟುಕೊಂಡಿದ್ದೆ. ಆ ಹೆಸರುಗಳು ಡ್ರೈವಿನವಲ್ಲ, ಚುಚ್ಚಿದ ಸರದಿಯವು, ಮೊದಲು ಚುಚ್ಚಿದ್ದು ಮೊದಲ ಅಕ್ಷರ ಹೊಡೆದುಕೊಳ್ಳುತ್ತದೆ ಎಂದು ನನಗೆ ಯಾರು ಹೇಳಿದ್ದರು? ಬೆಳಿಗ್ಗೆ ಅಮ್ಮನಿಗೆ ಭಜನೆ ಹಾಕಲು ಡ್ರೈವುಗಳನ್ನು ಕಿತ್ತು ಮತ್ತೆ ಚುಚ್ಚಿದ್ದೆ, ಸರದಿ ಬದಲಾಗಿತ್ತು. "ಶ್ರೀ ಅನ್ನು ಅಳಿಸಬೇಕೆ?" ಎಂದು ಸಾಧನ ಕೇಳಿತು. ಯಾವ ಶ್ರೀ ಎಂದು ಕೇಳಲಿಲ್ಲ, ಒಳಗೇನಿದೆ ಎಂದು ಹೇಳಲಿಲ್ಲ. ಹೂಂ ಎಂದೆ. ಅದು ಚಕ್ಕನೆ ಕೆಲಸ ಮುಗಿಸಿತು. ತೆಗೆಯುವಾಗ ಅಷ್ಟೊಂದು ಕಾರ್ಯನಿರತವಾಗಿರುವ ಪ್ರಾಣಿ ಅಳಿಸುವಾಗ ಮಾತ್ರ ಹೇಗೆ ಓಡಿತು ನೋಡಿ. ಆಮೇಲೆ, ಹಳೆಯ ಹೆಸರನ್ನೇ ಉಳಿಸಿಕೊಳ್ಳಲೇ ಎಂದು ವಿನಯದಿಂದ ಕೇಳಿತು. ಅದಕ್ಕೂ ಹೂಂ ಎಂದು, ಹೊಸ ಆವೃತ್ತಿಯನ್ನು ಅದರೊಳಗೆ ಹಾಕಿದೆ.

ಸಂಜೆ ಅಮ್ಮ ಮೊರ ಹಿಡಿದು ಕೂತಳು. ಒಂದು ಡ್ರೈವು ಚುಚ್ಚಿದೆ, ಭಜನೆ. ಇನ್ನೊಂದು ಚುಚ್ಚಿದೆ, ಎಂದಿನಿಂದಲೂ ಖಾಲಿಯಿದ್ದದ್ದು. ಮತ್ತೊಂದು ಚುಚ್ಚಿದೆ, ಅದರಲ್ಲಿ ಹೊಸ ಆಪರೇಟಿಂಗ್ ಸಿಸ್ಟಮ್ ಕೂತಿತ್ತು. ಅಪ್ಪನ ದನಿ ಇಲ್ಲ. ತಲೆಯ ಮೇಲೆ ಶ್ರೀ ಮಾತ್ರ ಇತ್ತು. ಸ್ಲೇಟಿನ ಕಟ್ಟಳೆಯನ್ನು ಕಂಪ್ಯೂಟರು ಚಾಚೂ ತಪ್ಪದೆ ಪಾಲಿಸಿತ್ತು.

ಅಮ್ಮನಿಗೆ ಹೇಳಿದೆ. ಹೇಗೆ ಹೇಳಿದೆನೋ, ಬೈಯುತ್ತಲೇ ಹೇಳಿದೆ, ಅದನ್ನು ಮಾಡಿದವರನ್ನು, ಮಾರಿದವರನ್ನು, ಶ್ರೀ ಕುಟ್ಟಿದವರನ್ನು. ಅಮ್ಮ ಮೊರ ಕೆಳಗಿಟ್ಟಳು. "ಇಷ್ಟು ದೊಡ್ಡ ಮಿಷಿನ್ನು, ಎಲ್ಲಾನ ಒಂದ್ಕಡೆ ಮಡಗಿರ್ತೈತೆ. ಹುಡುಕು" ಎಂದಳು. ಅತ್ತಿದ್ದರೆ ತಡೆದುಕೊಳ್ಳಬಹುದಿತ್ತು. ಕಳೆದದ್ದು ಸಿಗುತ್ತದೆಂದು ನಂಬಿ ಕೂತವಳ ಮುಖ ನೋಡುವುದು ಕಷ್ಟ. ಅಪ್ಪ ಸ್ಲೇಟು ತೋರಿಸಿದರು: "ಶ್ರೀ ಉಳಿದಿದೆಯಲ್ಲ, ಬಿಡು." ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಜೋರಾಗಿ ತೊಳೆದೆ.

ನನ್ನ ಗಂಡ ತಿಪ್ಪೇಸ್ವಾಮಿ ಕರೆಂಟಿನ ಕೆಲಸದವರು. ಅವರು ಬಂದು ಕೇಳಿ, "ಯಾಕ ಅಷ್ಟು ಸಿಟ್ಟು ಮಾಡ್ಕೊಂತಿ? ಅದಕ್ಕ ಬುದ್ಧಿ ಇಲ್ಲ, ನಾವ ಹೇಳ್ಬೇಕು" ಎಂದರು. "ನಮ್ಮನ್ಯಾಗ ನಾಲ್ಕು ಮಂದಿ ತಿಪ್ಪೇಸ್ವಾಮಿ ಅದೀವಿ. ಯಾರಾರ ಬಂದು ತಿಪ್ಪೇಸ್ವಾಮಿ ಅದಾನೇನ್ರಿ ಅಂದ್ರ ನಮ್ಮವ್ವ ಏನು ಕೇಳ್ತಾಳ? ಕುರಿ ತಿಪ್ಪೇಸ್ವಾಮಿನೋ, ಕರೆಂಟ್ ತಿಪ್ಪೇಸ್ವಾಮಿನೋ, ಬೆಳುಗುಪ್ಪದಾಗ ಇರೋನೋ? ತಿಳ್ಕೊಂಡ ಮ್ಯಾಲ ಒಳಗ ಕರೀತಾಳ. ಅಷ್ಟು ಕೇಳಾಕ ಏನು ಧಾಡಿ ನಿನ್ನ ಕಂಪ್ಯೂಟರಿಗೆ?"

ಅದೇ ಮಾತನ್ನು ನಾನು ಬರೆದು ಕಳಿಸಿದೆ. ಈ ಮುಕ್ತ ತಂತ್ರಾಂಶದವರಿಗೆ ದೂರು ಹೇಳಲು ಒಂದು ಸಾರ್ವಜನಿಕ ಜಾಗವಿದೆ. ನನ್ನ ಹರುಕು ಇಂಗ್ಲಿಷಿನಲ್ಲಿ, ಒಂದೇ ಹೆಸರಿನ ಡಿಸ್ಕುಗಳಿದ್ದರೆ ಅಳಿಸುವ ಮುಂಚೆ ಒಳಗೇನಿದೆ ಎಂದು ತೋರಿಸಿ, ಯಾವುದು ಎಂದು ಕೇಳಿ ಎಂದು ಬರೆದೆ. ಉತ್ತರ ಬಂತು: ಇದು ದೋಷವಲ್ಲ, ಹೀಗೇ ಇರಬೇಕೆಂದು ಮಾಡಿದ್ದು, ನೀವು ಬೇರೆ ಬೇರೆ ಹೆಸರಿಡಿ. ಆಹಾ. ನಾಲ್ವರು ತಿಪ್ಪೇಸ್ವಾಮಿಗಳ ಮನೆಗೆ ಬಂದು ಮೂವರ ಹೆಸರು ಬದಲಿಸಿಕೊಳ್ಳಿ ಎಂದ ಹಾಗಾಯಿತು. ಚೆನ್ನಾಗಿ ಬೈದು ಬರೆಯಲು ಕೂತೆ. ಆದರೆ ಸಂಬಳವಿಲ್ಲದೆ ದುಡಿಯುವವರನ್ನು ಬೈಯುವುದು ಎಷ್ಟು ಕಷ್ಟ ಗೊತ್ತೇ? ಕಾಸು ಕೊಟ್ಟು ಕೊಂಡ ಸಾಮಾನಾದರೆ ಅಂಗಡಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಜಗಳವಾಡಬಹುದು. ಇಲ್ಲಿ ಪ್ರತಿ ಬೈಗುಳದ ಕೊನೆಗೂ "ದಯವಿಟ್ಟು" ಸೇರಿಸಬೇಕಾಯಿತು. ಮೂರು ಡಿಸ್ಕಿಗೆ ಒಂದೇ ಹೆಸರು ಯಾಕೆ ಇಟ್ಟಿರಿ ಎಂದು ಅವರಲ್ಲೊಬ್ಬ ನಿಜವಾದ ಕುತೂಹಲದಿಂದ ಕೇಳಿದ. ಸ್ಲೇಟು, ರಾಗಿಡಬ್ಬ, ಚಪ್ಪಲಿ ಪೆಟ್ಟಿಗೆ, ಎಲ್ಲ ಬರೆದೆ. ಆಮೇಲೆ ಆ ಕಡೆಯಿಂದ ಸದ್ದೇ ಇಲ್ಲ.

ಈ ನಡುವೆ ಅಮ್ಮನ "ಹುಡುಕು" ಇತ್ತಲ್ಲ. ಅಳಿಸಿದ ಫೈಲುಗಳನ್ನು ಕೆದಕಿ ತೆಗೆಯುವ ಸಾಧನ ಬೇರೊಂದಿದೆ ಎಂದು ಗೆಳತಿ ಹೇಳಿದಳು. ಮೇಲೆ ಹೊಸದು ಕೂತಿರುವುದರಿಂದ ಎಲ್ಲ ಸಿಗುತ್ತದೆಂಬ ಭರವಸೆ ಬೇಡ ಎಂದಳು. ಓಡಿಸಿದೆ. ಅದು ಡ್ರೈವಿನ ತಳ ಕೆರೆದು ರಾಶಿ ರಾಶಿ ಫೈಲುಗಳನ್ನು ಎತ್ತಿ ಹಾಕಿತು. ಸಂತೋಷದಿಂದ ಕೂಗಿಕೊಳ್ಳಬೇಕೆಂದರೆ ಒಂದಕ್ಕೂ ಹೆಸರಿಲ್ಲ. ಬರೀ ಅಂಕಿ. ಮೊದಲು ಎಲ್ಲದಕ್ಕೂ ಒಂದೇ ಹೆಸರು, ಈಗ ಯಾವುದಕ್ಕೂ ಹೆಸರಿಲ್ಲ. ಈ ಡಿಸ್ಕುಗಳ ಸಹವಾಸದಲ್ಲಿ ಮಧ್ಯದ ದಾರಿಯೇ ಇಲ್ಲವೇ? ನನ್ನ ಫೋನಿನಲ್ಲಿದ್ದುದನ್ನೆಲ್ಲ ಸುರಿದಿದ್ದೆನಲ್ಲ, ಒಂದೊಂದನ್ನೂ ತೆರೆದು ಕೇಳಬೇಕು. ದಿನಾ ಸಂಜೆ ಅಮ್ಮ, ನಾನು, ಮೊರ. ಒಂದರಲ್ಲಿ ಮಕ್ಕಳ ಪ್ರಾರ್ಥನೆ. ಒಂದರಲ್ಲಿ ಹೆಡ್‌ಮಾಸ್ಟರ ತೆಲುಗು ಭಾಷಣದ ಬಾಲ. ಒಂದರಲ್ಲಿ ಯಾರದೋ ಮದುವೆಯ ಡೋಲು, ಅದು ನಾಲ್ಕು ಕಡೆ ನಾಲ್ಕು ತುಂಡಾಗಿ ಸಿಕ್ಕಿತು. ಡೋಲಿಗೆ ಸಾವಿಲ್ಲ ಎಂದುಕೊಂಡೆ. ಅಪ್ಪ ಪಡಸಾಲೆಯ ಬಾಗಿಲಲ್ಲಿ ಕೂತು ಬೀದಿ ನೋಡುತ್ತಿದ್ದರು. ಅವರ ದನಿ ಬರುವುದಿಲ್ಲ ಎಂಬ ಧೈರ್ಯಕ್ಕೋ ಏನೋ, ಎದ್ದು ಹೋಗುತ್ತಿರಲಿಲ್ಲ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಡಿಸ್ಕ್ ಸಾಧನದ ಹೊಸ ಆವೃತ್ತಿ ಬಂತು. ಅದೇ ಕುತೂಹಲದವನು ತಿದ್ದಿದ್ದ. ಈಗ ಒಂದೇ ಹೆಸರಿನವು ಎರಡಿದ್ದರೆ ಅಳಿಸುವ ಮುಂಚೆ ಅದು ನಿಲ್ಲುತ್ತದೆ, ಒಳಗಿನ ಒಂದಿಷ್ಟು ಫೈಲುಗಳನ್ನು ತೋರಿಸುತ್ತದೆ, ಇದೇನಾ ಎಂದು ಕೇಳುತ್ತದೆ. ತಿದ್ದುಪಡಿಯ ವಿವರಣೆಯಲ್ಲಿ ಅವನು ಪರೀಕ್ಷೆಗೆಂದು ತನ್ನ ಡಿಸ್ಕುಗಳಿಗೆ ಇಟ್ಟ ಹೆಸರು ಕನ್ನಡದಲ್ಲಿತ್ತು: ಶ್ರೀ, ಶ್ರೀ, ಶ್ರೀ. ಅಪ್ಪನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ ಸ್ಲೇಟಿನಲ್ಲಿ ಬರೆದರು: "ದೀರ್ಘ ಸರಿಯಾಗಿ ಹಾಕಿದ್ದಾನೆ." ಇಷ್ಟು ಬೇಗ ಆಗುವ ಕೆಲಸವನ್ನು ಆ ಭಾನುವಾರಕ್ಕೆ ಮುಂಚೆ ಯಾಕಪ್ಪಾ ಮಾಡಲಿಲ್ಲ ಎಂದು ನನಗೆ ಖುಷಿಗಿಂತ ಹೆಚ್ಚು ಸಂಕಟವಾಯಿತು. ಕೃತಜ್ಞತೆ ಬರೆದು ಕಳಿಸಿದೆ. "ದಯವಿಟ್ಟು" ಬೇಕಾಗಲಿಲ್ಲ. ದನಿ ಅಳಿಸಿಹೋದ ಮೇಲೆ ಗುರುತಿಗೆಂದು ಮೂರಕ್ಕೂ ಕಟ್ಟಿದ್ದ ದಾರ, ರವಿಕೆಯ ಅಂಚುಗಳನ್ನು ಮಾತ್ರ ಬಿಚ್ಚಲಿಲ್ಲ.

ಮರುದಿನವೋ ಅದರ ಮರುದಿನವೋ ಸಂಜೆ, ಒಂದು ಅಂಕಿಯ ಫೈಲು ಒತ್ತಿದೆ. ಆಸ್ಪತ್ರೆಯ ಫ್ಯಾನಿನ ಸದ್ದು ಬಂತು. ಅಮ್ಮನ ಕೈ ಮೊರದಲ್ಲೇ ನಿಂತಿತು.

"ಏನ್ ಮಾತಾಡ್ಲಿ? ಮಾತಾಡಾಕೆ ಏನೈತೆ?" ಎಂದರು ಅಪ್ಪ, ರೆಕಾರ್ಡಿನೊಳಗಿಂದ.

"ಬಸ್ಸಿಗೆ ಕೂಗ್ದಂಗೆ ಕೂಗಿ ಅತ್ಲಾಗೆ" ಎಂದಳು ಅಮ್ಮ, ಅವಳೂ ಒಳಗಿಂದಲೇ.

ಬಾಗಿಲಲ್ಲಿ ಕೂತಿದ್ದ ಅಪ್ಪ ಏಳಲು ಹೊರಟವರು ಚೌಕಟ್ಟು ಹಿಡಿದು ನಿಂತರು. ಅವರ ದನಿ ಕೆಮ್ಮಿತು, ಸರಿಮಾಡಿಕೊಂಡಿತು, ಆಮೇಲೆ ಎದ್ದಿತು. "ಹಿಂದೂಪುರ, ಹಿಂದೂಪುರ, ಹಿಂದೂಪುರ! ಎಕ್ಕಂಡಿ, ಎಕ್ಕಂಡಿ! ಅತ್ಕಳಿ, ಅತ್ಕಳಿ! ಪಾವಗಡ, ಪಾವಗಡ, ಪಾವ..."

ಅಷ್ಟೇ. ಫೈಲು ಅಲ್ಲಿಗೆ ಮುಗಿದಿತ್ತು. ಮುಂದಿನ ತುಂಡಿನ ಮೇಲೆ ಹೊಸ ಆಪರೇಟಿಂಗ್ ಸಿಸ್ಟಮ್ ಕೂತಿತ್ತು. ಮತ್ತೆ ಒತ್ತಿದೆ, ಮತ್ತೆ ಅಲ್ಲಿಗೇ ನಿಂತಿತು. ಮೂರನೇ ಪಾವಗಡ ಹೋಯಿತು, ಆಮೇಲೆ ಮಂಚದ ಕಬ್ಬಿಣಕ್ಕೆ ಅವರು ಕೊಟ್ಟ ಎರಡು ಪೆಟ್ಟು ಹೋಯಿತು, ಅದಕ್ಕೆ ವಾರ್ಡಿನವರೆಲ್ಲ ನಕ್ಕಿದ್ದೂ ಹೋಯಿತು. ನಾನು ಶುರುಮಾಡಿದೆ. ಇವರ ಸಾಧನಕ್ಕೆ ಬೆಂಕಿ ಹಾಕ, ಅಳಿಸುವುದಾದರೆ ಪೂರ್ತಿ ಅಳಿಸಬೇಕು, ಉಳಿಸುವುದಾದರೆ ಪೂರ್ತಿ ಉಳಿಸಬೇಕು, ಇದೆಂಥ ಅರ್ಧಂಬರ್ಧ ಎಂದು.

"ಗಡ" ಎಂದಳು ಅಮ್ಮ.

ನಾನು ತಿರುಗಿ ನೋಡಿದೆ. ಬೀದಿಯಲ್ಲಿ ಯಾರನ್ನೂ ದನಿಯೆತ್ತಿ ಕರೆದವಳಲ್ಲ ನಮ್ಮಮ್ಮ. ಮೊರದ ಕಡೆಗೇ ಕಣ್ಣಿಟ್ಟು, ತನ್ನ ಸಣ್ಣ ದನಿಯಲ್ಲಿ, ಅಪ್ಪನ ಎಳೆತವನ್ನೇ ಎಳೆದು, "ಪಾವಗಡ, ಪಾವಗಡ, ಪಾವಗಡ. ಅತ್ಕಳಿ, ಅತ್ಕಳಿ" ಎಂದು ಕೂಗಿ ಮುಗಿಸಿದಳು.

ಅಪ್ಪ ಬಾಗಿಲಿನಿಂದ ಒಳಗೆ ಬಂದರು. ಲ್ಯಾಪ್‌ಟಾಪ್ ಇಟ್ಟ ಮೇಜಿನ ಪಕ್ಕ ನಿಂತು, ಅಂಗೈ ಎತ್ತಿ, ಮೇಜಿಗೆ ಎರಡು ಪೆಟ್ಟು ಕೊಟ್ಟರು. ಮೊರದಲ್ಲಿದ್ದ ಬೀಜಗಳು ಹಾರಿ ನೆಲಕ್ಕೆ ಬಿದ್ದವು. ನನ್ನ ಬೈಗುಳ ಇನ್ನೂ ಬಾಕಿಯಿತ್ತು. ಆದರೆ ಆ ಎರಡು ಪೆಟ್ಟು ಬಿದ್ದ ಮೇಲೆ ಬಸ್ಸು ಯಾರಿಗೂ ನಿಲ್ಲುವುದಿಲ್ಲ.